ಗಲ್ಲುಶಿಕ್ಷಿತರ ಅಂತಿಮ ನುಡಿ

ಮರಣದಂಡನೆಗೆ ಗುರಿಯಾದ ವ್ಯಕ್ತಿ, ಶಿಕ್ಷೆ ಜಾರಿಯಾಗುವುದು ಖಚಿತವೆಂದು ತಿಳಿದ ಮೇಲೆ, ಬಾಯಿಮಾತಿನಲ್ಲಾಗಲಿ ಬರಹದಲ್ಲಾಗಲಿ ಇತರರನ್ನು ಉದ್ದೇಶಿಸಿ ಆಡುವ ಕಡೆಯ ಮಾತಿಗೆ ಅಂತಿಮ ನುಡಿ ಎಂದು ಹೆಸರು. ಅದನ್ನು ಆಡುವವನು ಒಬ್ಬ, ಬರೆದಿಡುವವನು ಸಾಮಾನ್ಯವಾಗಿ ಮತ್ತೊಬ್ಬ. ಬರೆದಿಟ್ಟವನು ಜೈಲಿನ ಅಧಿಕಾರಿಯೋ ಪಾದ್ರಿಯೋ ಲಾವಣಿಕಾರನೋ ಪಕ್ಷದ ಕಾರ್ಯಕರ್ತನೋ ಎಂಬುದರ ಮೇಲೆ ಮಾತಿನ ಕಟ್ಟೂ ಧಾಟಿಯೂ ಬದಲಾಗುತ್ತವೆ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕೊಂಗು ಸೀಮೆ, ಕರ್ನಾಟಕ ಮತ್ತು ಕಾಸರಗೋಡು ಈ ಮಾತುಗಳ ಅಧ್ಯಯನಕ್ಕೆ ಒಟ್ಟಿಗೆ ಒದಗುವ ಪ್ರದೇಶಗಳು.

ವ್ಯಾಪ್ತಿ ಮತ್ತು ಪರಿಭಾಷೆ

ಅಂತಿಮ ನುಡಿಯನ್ನು ಮರಣಕಾಲಿಕ ಹೇಳಿಕೆಯಿಂದ ಬೇರೆಯಾಗಿ ಗುರುತಿಸಬೇಕು. ಮರಣಕಾಲಿಕ ಹೇಳಿಕೆ ಸಾವಿಗೀಡಾದ ವ್ಯಕ್ತಿ ತನ್ನ ಸಾವಿನ ಕಾರಣದ ಬಗ್ಗೆ ಕೊಟ್ಟದ್ದು. 1872ರ ಸಾಕ್ಷ್ಯ ಕಾಯಿದೆಯ 32ನೆಯ ಕಲಮು ಅದನ್ನು ಸಾಕ್ಷ್ಯವಾಗಿ ಒಪ್ಪಿತ್ತು, ಈಗ ಅದೇ ವಿಷಯ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೆಯ ಕಲಮಿನಲ್ಲಿದೆ. ಗಲ್ಲುಶಿಕ್ಷಿತನ ಅಂತಿಮ ನುಡಿಗೆ ಇಂಥ ಕಾನೂನಿನ ಬಲವಿಲ್ಲ. ವಿಚಾರಣೆಯ ಕಾಲದಲ್ಲಿ ಆರೋಪಿ ಕೊಡುವ ಹೇಳಿಕೆ, ಮ್ಯಾಜಿಸ್ಟ್ರೇಟರ ಮುಂದಿನ ತಪ್ಪೊಪ್ಪಿಗೆ, ಕ್ಷಮಾದಾನದ ಅರ್ಜಿ ಇವು ಮೂರೂ ನೆರೆಯ ಪ್ರಕಾರಗಳು. ಅವುಗಳಲ್ಲಿ ಬದುಕುವ ಆಸೆ ಇನ್ನೂ ಉಳಿದಿರುವುದರಿಂದ ಮಾತಿನ ಗುರಿಯೇ ಬೇರೆ. 1911ರ ಜೂನ್ 17ರಂದು ಮಣಿಯಾಚ್ಚಿ ರೈಲು ನಿಲ್ದಾಣದಲ್ಲಿ ಕಲೆಕ್ಟರ್ ಆಷ್‌ನನ್ನು ಕೊಂದು ತಾನೂ ಗುಂಡಿಟ್ಟುಕೊಂಡ ವಾಂಚಿನಾಥನ್ ಬಳಿ ಸಿಕ್ಕ ಪತ್ರವನ್ನು ಹಲವರು ಈ ಪಟ್ಟಿಗೆ ಸೇರಿಸುತ್ತಾರೆ. ನ್ಯಾಯಾಲಯದ ತೀರ್ಪು ಇಲ್ಲದ ಕಾರಣ ಅದನ್ನು ಗಡಿಯ ಹೊರಗೆ ಇಡುವುದೇ ಸರಿ.

ಮೂಲ

ಕೊಲ್ಲಲ್ಪಡುವವನಿಗೆ ಕೊನೆಯದಾಗಿ ಮಾತನಾಡಲು ಬಿಡುವ ರೂಢಿ ಬಹಳ ಹಳೆಯದು. ಕ್ರಿ.ಪೂ. 399ರಲ್ಲಿ ಅಥೆನ್ಸಿನಲ್ಲಿ ಶಿಕ್ಷೆಗೊಳಗಾದ ಸಾಕ್ರಟಿಸ್ ನ್ಯಾಯಾಧಿಪತಿಗಳೆದುರು ಆಡಿದ್ದನ್ನು ಅವನ ಶಿಷ್ಯ ಪ್ಲೇಟೋ ಬರೆದಿಟ್ಟ. ಇಂಗ್ಲೆಂಡಿನಲ್ಲಿ ಇದು ಬೆಳೆದು ವ್ಯಾಪಾರವೇ ಆಯಿತು. ಲಂಡನ್ನಿನ ನ್ಯೂಗೇಟ್ ಜೈಲಿನ ಪಾದ್ರಿಗಳು 17ನೆಯ ಶತಮಾನದ ಕೊನೆಯ ಭಾಗದಿಂದ 18ನೆಯ ಶತಮಾನದವರೆಗೆ ಕೈದಿಗಳ ಬದುಕು ಮತ್ತು ಪಶ್ಚಾತ್ತಾಪವನ್ನು ಚಿಕ್ಕ ಪುಸ್ತಿಕೆಗಳಾಗಿ ಅಚ್ಚು ಹಾಕಿಸಿ ಮಾರುತ್ತಿದ್ದರು. ಟೈಬರ್ನ್ ಗಲ್ಲುಕಂಬದ ಸುತ್ತ ನೆರೆದ ಜನಕ್ಕೆ ಅದೇ ದಿನ ಕೊನೆ ಮಾತಿನ ಹಾಳೆ ಸಿಗುತ್ತಿತ್ತು. ಆ ಹಾಳೆಗಳ ಸೂತ್ರ ಒಂದೇ: ಚಿಕ್ಕ ತಪ್ಪಿನಿಂದ ಶುರು, ಕೆಟ್ಟ ಸಹವಾಸ, ಕುಡಿತ, ದೊಡ್ಡ ಅಪರಾಧ, ಪಶ್ಚಾತ್ತಾಪ, ಯುವಕರಿಗೆ ಬುದ್ಧಿಮಾತು. ಮಾತು ಕೈದಿಯದಾದರೂ ಕಟ್ಟು ಪಾದ್ರಿಯದು.

ಕನ್ನಡದಲ್ಲಿ ಈ ಮಾತಿಗೆ ಕಾವ್ಯದ ಮಾದರಿಗಳೇ ಮೊದಲು. ರಾಘವಾಂಕನ 13ನೆಯ ಶತಮಾನದ ಹರಿಶ್ಚಂದ್ರಕಾವ್ಯದಲ್ಲಿ ಕಾಶಿಯ ರಾಜಕುಮಾರನನ್ನು ಕೊಂದ ಆರೋಪ ಹೊತ್ತ ಚಂದ್ರಮತಿ, ಕತ್ತಿ ಹಿಡಿದ ಗಂಡನೆದುರು ಕೂತು ಎಲ್ಲರನ್ನೂ ಹರಸುತ್ತಾಳೆ. ಗಂಡ, ಮಗ, ಮಂತ್ರಿ, ಆಳಿದ ಒಡೆಯ ವೀರಬಾಹು ಸಾಲಾಗಿ ಬಂದು, ಕೊನೆಗೆ ಈ ಸ್ಥಿತಿಗೆ ತಂದ ವಿಶ್ವಾಮಿತ್ರನಿಗೂ ಹರಕೆ ಸಲ್ಲುತ್ತದೆ. ತಾನು ನಿರಪರಾಧಿ ಎಂಬ ವಾದ ಆ ಕ್ಷಣದಲ್ಲಿ ಇಲ್ಲ. ಇನ್ನೊಂದು ಮಾದರಿ ಜನಪದದ ಗೋವಿನ ಹಾಡು. ಹುಲಿಗೆ ಕೊಟ್ಟ ಮಾತಿನಂತೆ ಸಾಯಲು ಹೊರಟ ಪುಣ್ಯಕೋಟಿ ಕರುವಿಗೆ ಬುದ್ಧಿ ಹೇಳಿ, ಅದನ್ನು ಒಡಹುಟ್ಟಿದವರ ಮಡಿಲಿಗೆ ಒಪ್ಪಿಸುತ್ತಾಳೆ. ಹರಸುವುದು, ಒಪ್ಪಿಸುವುದು ಎಂಬ ಈ ಎರಡು ಕ್ರಿಯೆಗಳು ಕನ್ನಡ ಕಿವಿಗೆ ಪಶ್ಚಾತ್ತಾಪದ ಭಾಷಣಕ್ಕಿಂತ ಹೆಚ್ಚು ಪರಿಚಿತ. ಹೀಗಾಗಿ ಇಲ್ಲಿನ ಹುತಾತ್ಮರ ಬಾಯಲ್ಲಿ ಜನ ಇಟ್ಟ ಮಾತುಗಳಲ್ಲಿಯೂ ಅವೇ ಮತ್ತೆ ಮತ್ತೆ ಕಾಣುತ್ತವೆ.

ರಚನೆ

ದಾಖಲಾದ ಅಂತಿಮ ನುಡಿಗಳಲ್ಲಿ ಕೆಲವು ಘಟಕಗಳು ಮರಳಿ ಮರಳಿ ಬರುತ್ತವೆ. ಎಲ್ಲವೂ ಒಂದೇ ಮಾತಿನಲ್ಲಿ ಇರಬೇಕೆಂದಿಲ್ಲ, ಎರಡು ಮೂರು ಸಿಕ್ಕರೆ ಹೆಚ್ಚು.

ಮೊದಲನೆಯದು ಸಂಬೋಧನೆ. ಮನೆಯವರನ್ನು ಕರೆದರೆ ದನಿ ತಗ್ಗುತ್ತದೆ, ನಾಡನ್ನು ಕರೆದರೆ ಏರುತ್ತದೆ, ದೇವರನ್ನು ಕರೆದಾಗ ಉಳಿದ ಕೇಳುಗರು ಬರಿಯ ಸಾಕ್ಷಿಗಳಾಗುತ್ತಾರೆ. ಆಮೇಲೆ ಅಪರಾಧದ ಬಗ್ಗೆ ನಿಲುವು ಬರುತ್ತದೆ: ಒಪ್ಪಿಗೆ, ನಿರಾಕರಣೆ, ಅಥವಾ ಮಾಡಿದ್ದು ಅಪರಾಧವೇ ಅಲ್ಲವೆಂಬ ಸಮರ್ಥನೆ. ಲಾಹೋರಿನಲ್ಲಿ 1931ರ ಮಾರ್ಚ್ 23ರಂದು ಗಲ್ಲಿಗೇರಿದ ಭಗತ್ ಸಿಂಗ್ ಮತ್ತು ಇಬ್ಬರು ಸಂಗಾತಿಗಳು ಪಂಜಾಬಿನ ಗವರ್ನರಿಗೆ ಬರೆದ ಪತ್ರ ಮೂರನೆಯ ಬಗೆಯ ಉತ್ತಮ ಉದಾಹರಣೆ. ತಮ್ಮನ್ನು ಯುದ್ಧಕೈದಿಗಳೆಂದು ಎಣಿಸಿದ್ದರಿಂದ ನೇಣಿನ ಬದಲು ಗುಂಡಿಟ್ಟು ಕೊಲ್ಲಬೇಕೆಂಬುದು ಅದರ ಬೇಡಿಕೆ. ಅರ್ಜಿಯ ರೂಪದಲ್ಲಿದ್ದರೂ ಅದರೊಳಗೆ ಬೇಡುವ ದನಿ ಇಲ್ಲ.

ಒಪ್ಪಿಸುವಿಕೆ ಮತ್ತೊಂದು ಘಟಕ. ಕಲ್ಕತ್ತೆಯಲ್ಲಿ 1775ರ ಆಗಸ್ಟ್ 5ರಂದು ನೇಣಿಗೇರಿದ ಮಹಾರಾಜ ನಂದಕುಮಾರ, ಹಿಂದಿನ ಸಂಜೆ ತನ್ನನ್ನು ಕಾಣಲು ಬಂದ ಶೆರಿಫ್ ಮ್ಯಾಕ್ರಬಿಯ ಮೂಲಕ, ಮಗ ಗುರುದಾಸನನ್ನು ಬಂಗಾಳದ ಕೌನ್ಸಿಲ್ ಸದಸ್ಯರಾದ ಕ್ಲೇವರಿಂಗ್, ಮಾನ್ಸನ್ ಮತ್ತು ಫ್ರಾನ್ಸಿಸ್ ಅವರ ರಕ್ಷಣೆಗೆ ಒಪ್ಪಿಸಿದ. ಬರೆದಿಟ್ಟವನು ಶಿಕ್ಷೆ ಜಾರಿ ಮಾಡಬೇಕಾದ ಅಧಿಕಾರಿಯೇ ಆಗಿದ್ದು, ಕೈದಿಯ ಸಮಾಧಾನ ಕಂಡು ತನಗಾದ ಕಸಿವಿಸಿಯನ್ನೂ ಅವನು ಬರೆದಿದ್ದಾನೆ. ಭಾರತದಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ದಾಖಲಿಸಿದ ಇಂಥ ವಿವರಗಳಲ್ಲಿ ಇದು ಮೊದಮೊದಲಿನದು.

ಕ್ಷಮೆ ಕೇಳುವುದು ಅಥವಾ ಕೊಡುವುದು, ಶವಸಂಸ್ಕಾರದ ಕುರಿತ ಕೋರಿಕೆ, ಘೋಷಣೆ ಇವು ಉಳಿದ ಘಟಕಗಳು. ಘೋಷಣೆ ತೀರ ಚಿಕ್ಕದಾದ್ದರಿಂದ ಗೋಡೆಯಾಚೆಗೂ ಕೇಳುತ್ತದೆ, ಬಾಯಿಂದ ಬಾಯಿಗೆ ಕೆಡದೆ ಸಾಗುತ್ತದೆ. ಜೈಲಿನ ಒಳಗೆ ನೇಣು ಹಾಕುವ ಪದ್ಧತಿ ಬಂದ ಮೇಲೆ ಉದ್ದ ಮಾತಿಗಿಂತ ಘೋಷಣೆಯೇ ಹೆಚ್ಚು ಉಳಿದದ್ದಕ್ಕೆ ಇದು ಕಾರಣ.

ಪ್ರಕಾರಗಳು

ಉಳಿದುಬಂದ ರೂಪವನ್ನು ನೋಡಿ ವಿಂಗಡಿಸುವುದು ಅನುಕೂಲ. ಅಧಿಕಾರಿಯ ವರದಿಯಲ್ಲಿ ಬರುವ ಪರೋಕ್ಷ ಮಾತು, ಕೈದಿಯೇ ಬರೆದ ಪತ್ರ ಅಥವಾ ಆತ್ಮಕಥೆ, ಕಟಕಟೆಯ ಭಾಷಣ, ಜನಪದ ಹಾಡಿನ ಮಾತು, ಮತ್ತು ಆಧುನಿಕ ಜೈಲು ಇಲಾಖೆಯ ಲಿಪ್ಯಂತರ ಎಂದು ಐದು ಬಗೆ ಹೇಳಬಹುದು. ಕೊನೆಯದು ಅಮೆರಿಕದಲ್ಲಿ ಪ್ರಚಲಿತ. ಟೆಕ್ಸಸ್ ರಾಜ್ಯದ ಕಾರಾಗೃಹ ಇಲಾಖೆ 1982ರಿಂದ ಹಂಟ್ಸ್‌ವಿಲ್ ಜೈಲಿನಲ್ಲಿ ವಿಷದ ಚುಚ್ಚುಮದ್ದಿಗೆ ಮುಂಚೆ ಕೈದಿ ಆಡಿದ್ದನ್ನು ಬರೆದಿಟ್ಟು ಪ್ರಕಟಿಸುತ್ತ ಬಂದಿದೆ. ಪ್ರೀತಿ, ಕ್ಷಮೆ, ದೇವರು, ಕುಟುಂಬ ಎಂಬ ಮಾತುಗಳೇ ಅಲ್ಲಿ ಹೆಚ್ಚು. ಮಲಗಿಸಿ ಕಟ್ಟಿದ ಮನುಷ್ಯನಿಗೆ ಗಾಜಿನಾಚೆ ತನ್ನವರೂ ಕೊಲೆಯಾದವನ ಕಡೆಯವರೂ ಕೂತಿರುವುದು ಗೊತ್ತಿರುತ್ತದೆ, ಆ ಎರಡು ಕೋಣೆಗಳಿಗೂ ಸಲ್ಲುವಂತೆ ಮಾತು ಹೊಂದಿಕೊಳ್ಳುತ್ತದೆ.

ಕಟಕಟೆಯ ಭಾಷಣ ಐರ್ಲೆಂಡಿನ ಹೋರಾಟದಲ್ಲಿ ಪ್ರಸಿದ್ಧವಾಯಿತು. 1803ರಲ್ಲಿ ರಾಬರ್ಟ್ ಎಮೆಟ್ ಮಾಡಿದ ಭಾಷಣ ಅದರ ಮೇಲ್ಪಂಕ್ತಿ. ಭಾರತೀಯ ಕ್ರಾಂತಿಕಾರಿಗಳು ಆ ಮಾದರಿಯನ್ನು ಬಲ್ಲವರಾಗಿದ್ದರು. 1909ರ ಆಗಸ್ಟ್ 17ರಂದು ಲಂಡನ್ನಿನ ಪೆಂಟನ್‌ವಿಲ್ ಜೈಲಿನಲ್ಲಿ ಗಲ್ಲಿಗೇರಿದ ಮದನಲಾಲ್ ಧಿಂಗ್ರಾನ ಹೇಳಿಕೆಯನ್ನು ಪೊಲೀಸರು ತಡೆದಿಟ್ಟಿದ್ದರೂ ಅದು ಡೇಲಿ ನ್ಯೂಸ್ ಪತ್ರಿಕೆಯಲ್ಲಿ ಅಚ್ಚಾಯಿತು.

ಕೊಂಗುನಾಡಿನ ಪ್ರಕರಣಗಳು

ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನ ಆಡಳಿತದಲ್ಲಿತ್ತು. ಇಲ್ಲಿನ ಊರುಗಳಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರೂ ಒಕ್ಕಲಿಗ ಗೌಡರೂ ಇಂದಿಗೂ ಇದ್ದಾರೆ. ಮೈಸೂರಿನ ಟಿಪ್ಪು ಸುಲ್ತಾನ್ ಸತ್ತ ಮೇಲೆ ಇಲ್ಲಿನ ಪಾಳೆಯಗಾರರು ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದರು. 1800ರ ಜೂನ್ 3ರಂದು ಕೊಯಮತ್ತೂರು ಕೋಟೆ ಹಿಡಿಯುವ ಸಂಚು ವಿಫಲವಾಗಿ, ಸಿಕ್ಕಿಬಿದ್ದವರಲ್ಲಿ 42 ಜನರನ್ನು ಸೈನಿಕ ನ್ಯಾಯಾಲಯದ ತೀರ್ಪಿನಂತೆ ಬೇರೆ ಬೇರೆ ಊರುಗಳಲ್ಲಿ ನೇಣು ಹಾಕಲಾಯಿತು. ಒಂದೇ ಊರಿನಲ್ಲಿ ಮಾಡದೆ ಹಂಚಿ ಮಾಡಿದ್ದರ ಉದ್ದೇಶ ಸ್ಪಷ್ಟವಾಗಿದೆ: ಅಲ್ಲಿ ನೋಡುವ ಜನ ಮುಖ್ಯ, ನೇಣಿಗೇರುವವನ ಮಾತು ಯಾರಿಗೂ ಬೇಕಿರಲಿಲ್ಲ.

ಕಾಂಗೇಯಂ ಬಳಿಯ ಮೇಲಪ್ಪಾಳ್ಯದ ಧೀರನ್ ಚಿನ್ನಮಲೈ ಟಿಪ್ಪುವಿನ ಪಡೆಯ ಪರವಾಗಿ ಕಾದವನು. ಓಡಾನಿಲೈಯಲ್ಲಿ ಕೋಟೆ ಕಟ್ಟಿ ಕೆಲವು ವರ್ಷ ಕಂಪನಿಯ ಸೈನ್ಯವನ್ನು ಎದುರಿಸಿದ ಅವನನ್ನು 1805ರಲ್ಲಿ ತಮ್ಮಂದಿರೊಡನೆ ಸಂಕಗಿರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಕಂಪನಿಯ ಆಳ್ವಿಕೆಯನ್ನು ಒಪ್ಪಿ ಕಂದಾಯ ಕಟ್ಟಲು ಅವನು ನಿರಾಕರಿಸಿದ ಎಂಬುದು ಸೀಮೆಯ ಜನರ ನೆನಪಿನಲ್ಲಿ ಅವನ ಕೊನೆಯ ನಿಲುವು. ಆಡಿ ತಿಂಗಳ 18ನೆಯ ದಿನ, ಕಾವೇರಿಯ ಹೊಸ ನೀರಿನ ಹಬ್ಬದಂದು, ಅವನ ಸ್ಮರಣೆ ನಡೆಯುತ್ತದೆ.

ದಕ್ಷಿಣದ ಇನ್ನೊಂದು ಪ್ರಕರಣದೊಡನೆ ಹೋಲಿಸಿದರೆ ದಾಖಲೆಯ ಬೆಲೆ ತಿಳಿಯುತ್ತದೆ. ವೀರಪಾಂಡ್ಯ ಕಟ್ಟಬೊಮ್ಮನ್‌ನನ್ನು 1799ರ ಅಕ್ಟೋಬರ್ 16ರಂದು ಕಯತ್ತಾರಿನಲ್ಲಿ ಮರಕ್ಕೆ ನೇಣು ಹಾಕಿದ ಮೇಜರ್ ಬ್ಯಾನರ್ಮನ್ ಮರುದಿನ ಮದ್ರಾಸಿಗೆ ವರದಿ ಬರೆದ. ಸೆರೆಯಾಳು ವಿಚಾರಣೆಯ ಉದ್ದಕ್ಕೂ ಅಂಜದೆ, ತಿರಸ್ಕಾರದಿಂದ ವರ್ತಿಸಿದ್ದನ್ನು ಅದು ಹೇಳುತ್ತದೆ. ಗಲ್ಲಿನ ಕಡೆ ನಡೆಯುವಾಗ ಮೂಗ ತಮ್ಮನ ಬಗ್ಗೆ ಅವನಿಗಿದ್ದ ಕಳವಳವನ್ನೂ, ಮರದ ಬುಡಕ್ಕೆ ಬಂದಾಗ ಕೋಟೆ ಬಿಟ್ಟು ಬಂದದ್ದಕ್ಕೆ, ಅಲ್ಲೇ ಕಾದಾಡಿ ಸಾಯಬೇಕಿತ್ತೆಂದು ಅವನು ಪಟ್ಟ ಖೇದವನ್ನೂ ದಾಖಲಿಸುತ್ತದೆ. ಮಾತು ಪರೋಕ್ಷವಾದದ್ದು, ಬರೆದವನು ಶತ್ರು. ಹಾಗಿದ್ದೂ ಅವನ ಹೆಸರಿನಲ್ಲಿ ಮುಂದೆ ಬೆಳೆದ ಉದ್ದುದ್ದ ಸಂಭಾಷಣೆಗಳಿಗಿಂತ ಈ ಎರಡು ಸಾಲಿನ ವಿವರ ನಂಬಲರ್ಹ. ಹೊಗಳಬೇಕಾದ ಅಗತ್ಯ ಬ್ಯಾನರ್ಮನ್‌ಗೆ ಇರಲಿಲ್ಲ.

20ನೆಯ ಶತಮಾನದಲ್ಲಿ ಕೊಂಗುನಾಡಿನ ಗಲ್ಲಿನ ಕಥೆ ಗಿರಣಿಗೆ ಬಂತು. ಕೊಯಮತ್ತೂರಿನಲ್ಲಿ ಮೊದಲ ನೂಲಿನ ಗಿರಣಿ 1888ರಲ್ಲಿ ಶುರುವಾಗಿತ್ತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ ಬಂದಮೇಲೆ ಅವಿನಾಶಿ ರಸ್ತೆಯ ಉದ್ದಕ್ಕೂ ಗಿರಣಿಗಳು ಎದ್ದವು, ಹಿಂದೆಯೇ ಕಾರ್ಮಿಕ ಸಂಘಗಳೂ ಬಂದವು. ಅದೇ ರಸ್ತೆಯಲ್ಲಿರುವ ಚಿನ್ನಿಯಂಪಾಳ್ಯದಲ್ಲಿ ಗಿರಣಿಯ ಘರ್ಷಣೆಯೊಂದು ಕೊಲೆಯಲ್ಲಿ ಮುಗಿಯಿತು. ಸಂಘದ ಕಾರ್ಮಿಕರಾದ ರಾಮಯ್ಯನ್, ರಂಗಣ್ಣನ್, ವೆಂಕಟಾಚಲಂ ಮತ್ತು ಚಿನ್ನಯ್ಯನ್ ಎಂಬ ನಾಲ್ವರಿಗೆ ಮರಣದಂಡನೆಯಾಯಿತು. ಮೇಲ್ಮನವಿಗಳೆಲ್ಲ ತಿರಸ್ಕೃತವಾದ ಮೇಲೆ 1946ರ ಜನವರಿ 8ರಂದು ಕೊಯಮತ್ತೂರು ಕೇಂದ್ರ ಕಾರಾಗೃಹದಲ್ಲಿ ನಾಲ್ವರನ್ನೂ ಗಲ್ಲಿಗೇರಿಸಲಾಯಿತು. ಸ್ವಾತಂತ್ರ್ಯಕ್ಕೆ ಆಗ ಎರಡು ವರ್ಷವೂ ಉಳಿದಿರಲಿಲ್ಲ.

ಚಿನ್ನಿಯಂಪಾಳ್ಯದ ಹುತಾತ್ಮರೆಂದು ಹೆಸರಾದ ಇವರ ಪ್ರಕರಣದಲ್ಲಿ ಒಬ್ಬೊಬ್ಬರ ಮಾತು ಬೇರೆ ಬೇರೆಯಾಗಿ ಮುಂದೆ ಬರುವುದಿಲ್ಲ. ನಾಲ್ಕು ಹೆಸರನ್ನು ಒಟ್ಟಿಗೆ, ಒಂದೇ ಉಸಿರಿನಲ್ಲಿ ಹೇಳುವ ರೂಢಿಯಾಗಿದೆ. ಪ್ರತಿ ಜನವರಿ 8ರ ಸ್ಮರಣೆಯಲ್ಲಿ ಆಗುವುದೂ ಅದೇ. ಕಾರ್ಮಿಕ ಚಳವಳಿಯ ಅಂತಿಮ ನುಡಿ ಸಾಮಾನ್ಯವಾಗಿ ಹೀಗೆ ಬಹುವಚನದಲ್ಲಿರುತ್ತದೆ. ಪಾಳೆಯಗಾರನ ಕಥೆಗೆ ಒಬ್ಬ ನಾಯಕ ಬೇಕು, ಸಂಘದ ಕಥೆಗೆ ಸಾಲು ಬೇಕು.

ಕರ್ನಾಟಕ ಮತ್ತು ಕಾಸರಗೋಡು

ಕಿತ್ತೂರಿನ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದ ಬಳಿ ಗಲ್ಲಿಗೇರಿಸಿದರು. ಅವನ ಕೊನೆಯ ಆಸೆ, ಮತ್ತೆ ಹುಟ್ಟಿ ಬರುವ ಮಾತು, ಸಮಾಧಿಯ ಮೇಲೆ ನೆಟ್ಟ ಆಲದ ಮರ ಇವೆಲ್ಲ ಗೀಗೀ ಪದ ಮತ್ತು ಲಾವಣಿಗಳ ಮೂಲಕ ಬಂದವು. ನಂದಗಡದ ಆ ಮರಕ್ಕೆ ಜನ ತೊಟ್ಟಿಲು ಕಟ್ಟಿ ಮಕ್ಕಳ ಫಲ ಬೇಡುತ್ತಾರೆ. ಮತ್ತೆ ಹುಟ್ಟುತ್ತೇನೆಂಬ ಮಾತು ಇಲ್ಲಿ ಆಚರಣೆಯೇ ಆಗಿಬಿಟ್ಟಿದೆ, ಅದನ್ನು ರಾಯಣ್ಣ ಆಡಿದ್ದನೇ ಎಂಬ ಪ್ರಶ್ನೆ ಅಲ್ಲಿಗೆ ಬರುವವರಿಗೆ ಏಳುವುದಿಲ್ಲ.

1857ರ ಹಲಗಲಿಯ ಬೇಡರ ದಂಗೆಯಲ್ಲಿ 19 ಜನ ಗಲ್ಲಿಗೇರಿದರು. ದಂಗೆಯ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಸರ್ಕಾರದ ಅಧಿಕಾರಿಯೇ ಆದ ಜೆ.ಎಫ್. ಫ್ಲೀಟ್. ನರಗುಂದದ ಬಾಬಾಸಾಹೇಬನನ್ನು 1858ರ ಜೂನ್ 12ರಂದು ಬೆಳಗಾವಿಯಲ್ಲಿ ನೇಣಿಗೆ ಹಾಕಲಾಯಿತು. 1837ರ ಕೊಡಗು-ದಕ್ಷಿಣ ಕನ್ನಡದ ದಂಗೆಯ ಗುಡ್ಡೆಮನೆ ಅಪ್ಪಯ್ಯಗೌಡನ ಗಲ್ಲು ಮಡಿಕೇರಿ ಕೋಟೆಯ ಬಳಿ, ಅವನ ಮನೆಯವರ ಕಣ್ಣೆದುರಿಗೇ ನಡೆಯಿತೆಂದು ಆ ಸೀಮೆಯ ಜನ ಹೇಳುತ್ತಾರೆ.

ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರವೆಂದು ಸಾರಿತು. ಅಮಲ್ದಾರ ಮತ್ತು ಪೊಲೀಸ್ ಅಧಿಕಾರಿ ಗಲಭೆಯಲ್ಲಿ ಸತ್ತರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ ಮತ್ತು ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚಿನಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಏಸೂರು ಕೊಟ್ಟರೂ ಈಸೂರು ಬಿಡೆವು ಎಂಬ ಊರಿನ ಘೋಷಣೆ ಈ ಐವರ ನೆನಪಿನ ಜಾಗದಲ್ಲಿ ನಿಂತಿದೆ, ವ್ಯಕ್ತಿಗಳ ಕೊನೆ ಮಾತು ಊರಿನ ಮಾತಿನಲ್ಲಿ ಕರಗಿದೆ.

ಅದೇ ತಿಂಗಳ 29ರಂದು ಕಣ್ಣೂರು ಕೇಂದ್ರ ಕಾರಾಗೃಹದಲ್ಲಿ ಕಯ್ಯೂರಿನ ನಾಲ್ವರು ರೈತ ಕಾರ್ಯಕರ್ತರಾದ ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್ ಮತ್ತು ಪಳ್ಳಿಕ್ಕಲ್ ಅಬೂಬಕ್ಕರ್ ನೇಣಿಗೇರಿದರು. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿಗೆ ಸೇರಿತ್ತು, ವಿಚಾರಣೆ ನಡೆದದ್ದು ಮಂಗಳೂರಿನಲ್ಲಿ. ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ ಪಿ.ಸಿ. ಜೋಶಿ ಜೈಲಿನಲ್ಲಿ ಅವರನ್ನು ಕಂಡು ಬಂದು ಬರೆದ ವಿವರದಿಂದ ನಾಲ್ವರ ಮಾತು ದೇಶಕ್ಕೆ ತಿಳಿಯಿತು. ಕಾವಲುಗಾರರ ನಡುವೆ ನಡೆದ ಭೇಟಿಯೊಂದು ಗಲ್ಲುಕಂಬದ ಭಾಷಣದ ಕೆಲಸವನ್ನು ಮಾಡಿದ್ದಕ್ಕೆ ಇದು ಒಳ್ಳೆಯ ನಿದರ್ಶನ. ಈ ಘಟನೆಯನ್ನು ಮೊದಲು ಕಾದಂಬರಿಯಾಗಿಸಿದ್ದು ಕನ್ನಡ. ನಿರಂಜನರ ಚಿರಸ್ಮರಣೆ 1955ರಲ್ಲಿ ಬಂದು, ಮುಂದೆ ಮಲಯಾಳಕ್ಕೂ ಅನುವಾದವಾಯಿತು.

ಜೈಲು ನಿಯಮ

ಭಾರತದ ಜೈಲು ಕೈಪಿಡಿಗಳಲ್ಲಿ ಗಲ್ಲಿನ ಮೇಲಿನ ಭಾಷಣಕ್ಕೆ ಜಾಗವಿಲ್ಲ. ನಸುಕಿನಲ್ಲಿ ಜೈಲು ಸೂಪರಿಂಟೆಂಡೆಂಟ್, ಮ್ಯಾಜಿಸ್ಟ್ರೇಟ್ ಮತ್ತು ವೈದ್ಯಾಧಿಕಾರಿ ಕೈದಿಯ ಕೋಣೆಗೆ ಬರುತ್ತಾರೆ. ಉಯಿಲು ಮುಂತಾದ ಕಾಗದಗಳಿಗೆ ಅಲ್ಲಿಯೇ ರುಜು ಬೀಳುತ್ತದೆ. ಕೈದಿ ತಾನಾಗಿ ಉಯಿಲು ಬರೆಯದಿದ್ದರೆ ಆ ಕುರಿತ ಅವನ ಹೇಳಿಕೆಯನ್ನು ಸೂಪರಿಂಟೆಂಡೆಂಟ್ ಬರೆದುಕೊಳ್ಳಬೇಕು. ಆಮೇಲೆ ಕೈಗಳನ್ನು ಹಿಂದಕ್ಕೆ ಕಟ್ಟಿ ಕರೆದೊಯ್ಯುತ್ತಾರೆ, ಗಲ್ಲುಕಂಬ ಕಾಣದಂತೆ ಮುಖಕ್ಕೆ ಬಟ್ಟೆಯ ಟೋಪಿ ಇಳಿಬಿಡುತ್ತಾರೆ, ವಾರಂಟನ್ನು ಕೈದಿಗೆ ತಿಳಿಯುವ ಭಾಷೆಯಲ್ಲಿ ಓದುತ್ತಾರೆ. ಆ ಹೊತ್ತಿನಲ್ಲಿ ಗಟ್ಟಿಯಾಗಿ ಕೇಳುವ ಮಾತು ಸರ್ಕಾರದ್ದು. ಹೀಗಾಗಿ ಭಾರತೀಯ ಅಂತಿಮ ನುಡಿಯನ್ನು ಹುಡುಕುವವರು ನೋಡಬೇಕಾದದ್ದು ಮುಲಾಖತ್ತಿನ ಕೋಣೆ, ಅಂಚೆಯ ಪತ್ರ ಮತ್ತು ಉಯಿಲನ್ನು.

ಬಳಕೆ

ಅಂತಿಮ ನುಡಿ ಚಳವಳಿಗಳಿಗೆ ಪ್ರಚಾರದ ಸಾಮಗ್ರಿ, ಜನಪದಕ್ಕೆ ಹಾಡಿನ ವಸ್ತು, ಸಿನಿಮಾಕ್ಕೆ ಕ್ಲೈಮ್ಯಾಕ್ಸ್. ಕನ್ನಡಿಗರಾದ ಬಿ.ಆರ್. ಪಂತುಲು 1959ರಲ್ಲಿ ತಮಿಳಿನ ವೀರಪಾಂಡಿಯ ಕಟ್ಟಬೊಮ್ಮನ್, 1961ರಲ್ಲಿ ಕನ್ನಡದ ಕಿತ್ತೂರು ಚೆನ್ನಮ್ಮ ಚಿತ್ರಗಳನ್ನು ನಿರ್ದೇಶಿಸಿದರು. ಬ್ರಿಟಿಷರಿಗೆ ಎದುರು ನಿಂತು ಆಡುವ ಮಾತಿನ ಧಾಟಿ ಎರಡೂ ಭಾಷೆಯ ಪ್ರೇಕ್ಷಕರಿಗೆ ಒಂದೇ ಕೈಯಿಂದ ಬಂತು. ರಾಯಣ್ಣನ ಕುರಿತ ಚಿತ್ರವೊಂದು 2012ರಲ್ಲಿ ತೆರೆಕಂಡಿತು.

ಕಾನೂನಿನಲ್ಲಿ ಕೈದಿಯ ಬರಹ ಒಮ್ಮೆ ದೊಡ್ಡ ಪ್ರಶ್ನೆಯಾಯಿತು. ಹಲವು ಕೊಲೆಗಳಿಗಾಗಿ ಗಲ್ಲುಶಿಕ್ಷೆಯಾಗಿದ್ದ ಆಟೋ ಶಂಕರ್ ಜೈಲಿನಲ್ಲಿ ಬರೆದ ಆತ್ಮಕಥೆಯಲ್ಲಿ ಪೊಲೀಸ್ ಅಧಿಕಾರಿಗಳ ನಂಟಿನ ಮಾತಿತ್ತು. ನಕ್ಕೀರನ್ ಪತ್ರಿಕೆ ಅದನ್ನು ಪ್ರಕಟಿಸಲು ಹೊರಟಾಗ ಜೈಲಿನ ಹಿರಿಯ ಅಧಿಕಾರಿ, ಅದು ಕೈದಿಯದೇ ಅಲ್ಲವೆಂದು ತಡೆಯಲು ನೋಡಿದರು. ಸುಪ್ರೀಂ ಕೋರ್ಟ್ 1994ರ ಅಕ್ಟೋಬರಿನಲ್ಲಿ, ಸಾರ್ವಜನಿಕ ದಾಖಲೆಯಲ್ಲಿರುವ ಮಟ್ಟಿಗೆ ಕೈದಿಯ ಅನುಮತಿ ಇಲ್ಲದೆಯೂ ಅವನ ಬದುಕಿನ ಕಥೆ ಪ್ರಕಟಿಸಬಹುದೆಂದೂ, ಅದನ್ನು ಮುಂಚಿತವಾಗಿ ತಡೆಯುವ ಅಧಿಕಾರ ಸರ್ಕಾರಕ್ಕಿಲ್ಲವೆಂದೂ ತೀರ್ಪು ಕೊಟ್ಟಿತು. ಖಾಸಗಿತನದ ಹಕ್ಕಿನ ಬಗ್ಗೆ ಇಂದಿಗೂ ಉಲ್ಲೇಖವಾಗುವ ತೀರ್ಪು ಇದು. ಆಟೋ ಶಂಕರನನ್ನು 1995ರ ಏಪ್ರಿಲ್ 27ರಂದು ಸೇಲಂ ಕೇಂದ್ರ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು.

ಇಂದಿನ ಸ್ಥಿತಿ

ತಮಿಳುನಾಡಿನಲ್ಲಿ 1995ರ ಆ ಗಲ್ಲೇ ಈವರೆಗಿನ ಕೊನೆಯದು. ಕರ್ನಾಟಕದಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ 1983ರ ನಂತರ ಯಾರನ್ನೂ ಗಲ್ಲಿಗೇರಿಸಿಲ್ಲ. 2013ರ ಫೆಬ್ರವರಿಯಲ್ಲಿ ಅಫ್ಜಲ್ ಗುರುವನ್ನು ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಿದಾಗ ಮನೆಯವರಿಗೆ ಸರ್ಕಾರದ ಅಂಚೆ ತಲುಪಿದ್ದು ಶಿಕ್ಷೆ ಜಾರಿಯಾದ ಮೇಲೆ. ಸುಪ್ರೀಂ ಕೋರ್ಟಿನ 2014ರ ಜನವರಿ 21ರ ಶತ್ರುಘ್ನ ಚೌಹಾಣ್ ತೀರ್ಪು ಈ ರೀತಿಯನ್ನು ಬದಲಿಸಿತು. ಕ್ಷಮಾದಾನ ತಿರಸ್ಕಾರವಾದದ್ದು ತಿಳಿದ ಮೇಲೆ ಕನಿಷ್ಠ 14 ದಿನಗಳ ಅಂತರ, ಮನೆಯವರೊಡನೆ ಕೊನೆಯ ಭೇಟಿ, ಮಾನಸಿಕ ಆರೋಗ್ಯದ ತಪಾಸಣೆ ಇವನ್ನು ಅದು ಕಡ್ಡಾಯ ಮಾಡಿತು. ಅದೇ ತೀರ್ಪಿನಿಂದ ಜೀವ ಉಳಿದ 15 ಜನರಲ್ಲಿ ನಾಲ್ವರು ಹಿಂಡಲಗಾದಲ್ಲಿದ್ದವರು. ಕರ್ನಾಟಕ-ತಮಿಳುನಾಡು ಗಡಿಯ ಪಾಲಾರ್ ಬಳಿ 1993ರ ಏಪ್ರಿಲಿನಲ್ಲಿ 22 ಜನರನ್ನು ಬಲಿ ತೆಗೆದುಕೊಂಡ ನೆಲಬಾಂಬ್ ಸ್ಫೋಟದಲ್ಲಿ ವೀರಪ್ಪನ್ ತಂಡದವರೆಂದು ಅವರಿಗೆ ಶಿಕ್ಷೆಯಾಗಿತ್ತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಕ್ಷಮಾದಾನದ ಅರ್ಜಿ ಹಾಕಲು 30 ದಿನಗಳ ಮಿತಿ ಇಟ್ಟಿದೆ. ಶಿಕ್ಷೆ ವಿಧಿಸುವ ಮುನ್ನ ಅಪರಾಧಿಯ ಮಾತು ಕೇಳಬೇಕೆಂಬ ಹಳೆಯ ನಿಯಮ 258ನೆಯ ಕಲಮಿನಲ್ಲಿ ಮುಂದುವರಿದಿದೆ. ಈಗ ಬಹುಪಾಲು ಗಲ್ಲುಶಿಕ್ಷಿತರಿಗೆ ಬಹಿರಂಗವಾಗಿ ಮಾತನಾಡಲು ಸಿಗುವ ಕಡೆಯ ಅವಕಾಶ ಇದೇ. ಹೆಚ್ಚಿನವರು ವಯಸ್ಸಾದ ತಂದೆತಾಯಿ, ಹೆಂಡತಿ ಮಕ್ಕಳು, ಬಡತನ ಇವನ್ನು ಮುಂದಿಡುತ್ತಾರೆ. ಉಡುಮಲಪೇಟೆಯಲ್ಲಿ 2016ರಲ್ಲಿ ನಡೆದ ಜಾತಿ ದ್ವೇಷದ ಕೊಲೆಗೆ ತಿರುಪ್ಪೂರಿನ ಸೆಷನ್ಸ್ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ಆರು ಜನರಿಗೆ ಮರಣದಂಡನೆ ಕೊಟ್ಟಿತು. ಮದ್ರಾಸ್ ಹೈಕೋರ್ಟ್ 2020ರ ಜೂನ್‌ನಲ್ಲಿ ಒಬ್ಬನನ್ನು ಬಿಡುಗಡೆ ಮಾಡಿ ಐವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಈ ಹಂತದಲ್ಲಿ ಕಟಕಟೆಯಿಂದ ಮನೆಮಾತಿನಲ್ಲಿ ಬಂದದ್ದು ಸಾಮಾನ್ಯವಾಗಿ ವಕೀಲರ ವಾದದೊಳಗೆ ಸೇರಿ, ತೀರ್ಪಿನಲ್ಲಿ ಒಂದೆರಡು ಸಾಲಿನ ಸಾರಾಂಶವಾಗಿ ಮಾತ್ರ ಕಾಣಿಸುತ್ತದೆ.